ಎಲೆಕ್ಟ್ರಿಕ್ ಗಿಟಾರ್ ಕಲಿಯುತ್ತಿದ್ದೀರಾ? ಡಿಸ್ಟಾರ್ಷನ್ ಪೆಡಲ್ ಕೊಳ್ಳುವ ಮುನ್ನ ಮನೆಯ ಆ್ಯಂಪ್ ನೋಡಿ

ನಾಸಿಕ್ ಅಥವಾ ಛತ್ರಪತಿ ಸಂಭಾಜಿನಗರದಲ್ಲಿ ಎಲೆಕ್ಟ್ರಿಕ್ ಗಿಟಾರ್ ಕಲಿಯಲು ಹೊರಟವರ ತೊಡಕು ಅಂಗಡಿಯಲ್ಲೇ ಶುರುವಾಗುತ್ತದೆ. ಇಂಥ ಊರುಗಳ ವಾದ್ಯದಂಗಡಿಗಳಲ್ಲಿ ಹಾರ್ಮೋನಿಯಂ, ತಬಲಾ, ಕೀಬೋರ್ಡ್, ಅಕೌಸ್ಟಿಕ್ ಗಿಟಾರ್‌ಗಳದ್ದೇ ಮುಖ್ಯ ವ್ಯಾಪಾರ. ನಾಲ್ಕಾರು ಡಿಸ್ಟಾರ್ಷನ್ ಪೆಡಲ್‌ಗಳನ್ನು ಪಕ್ಕಪಕ್ಕ ಇಟ್ಟು ನುಡಿಸಿ ನೋಡಬೇಕೆಂದರೆ ಮುಂಬೈ ಅಥವಾ ಪುಣೆಯ ದಾರಿ ಹಿಡಿಯಬೇಕು. ನಾಸಿಕ್‌ನಿಂದ ಮುಂಬೈಗೆ ಸುಮಾರು 170 ಕಿ.ಮೀ., ಸಂಭಾಜಿನಗರದಿಂದ ಹೆಚ್ಚುಕಡಿಮೆ ಅದರ ಎರಡರಷ್ಟು. ಹಾಗಾಗಿ ಯೂಟ್ಯೂಬ್‌ನಲ್ಲಿ ಡೆಮೊ ಕೇಳಿ, ಆನ್‌ಲೈನ್‌ನಲ್ಲಿ ತರಿಸಿಕೊಳ್ಳುವವರೇ ಹೆಚ್ಚು. ಹುಬ್ಬಳ್ಳಿ, ಕಲಬುರಗಿಯ ಹುಡುಗರ ಕಥೆಯೂ ಬೇರೆಯಲ್ಲ.

ಈ ಸಂಗೀತಕ್ಕೆ ಅಲ್ಲಿ ಕೇಳುಗರ ಕೊರತೆಯೇನೂ ಇಲ್ಲ. ನಾಸಿಕ್‌ನ ಸುಲಾ ದ್ರಾಕ್ಷಿತೋಟದಲ್ಲಿ 2008ರಲ್ಲಿ ಶುರುವಾದ ಸುಲಾಫೆಸ್ಟ್ ದೇಶ ವಿದೇಶದ ಬ್ಯಾಂಡ್‌ಗಳನ್ನು ಊರಿನ ಅಂಚಿಗೇ ಕರೆತಂದಿತು. ಪುಣೆಯಲ್ಲಿ 2010ರಲ್ಲಿ ಎನ್‌ಎಚ್7 ವೀಕೆಂಡರ್ ಆರಂಭವಾಯಿತು. ಅಲ್ಲಿ ಕೇಳಿದ ಆ ದಪ್ಪನೆಯ, ಉಸಿರು ಹಿಡಿದು ನಿಲ್ಲುವ ನಾದ ಮನೆಯ ಕೋಣೆಯಲ್ಲೂ ಬರಬೇಕು ಎಂಬುದು ಆಸೆ. ಪಾರ್ಸೆಲ್ ಬಿಚ್ಚಿ ಜೋಡಿಸಿದಾಗ ಬರುವುದು ಜೇನುಹುಳ ಗುಂಯ್‌ಗುಟ್ಟಿದಂಥ ಸದ್ದು. ತನಗೆ ಕೈ ಕೂಡಿಬರುತ್ತಿಲ್ಲ ಎಂದುಕೊಂಡು ಗಿಟಾರನ್ನು ಮೂಲೆಗಿಡುವುದು ಇಂಥ ಹೊತ್ತಿನಲ್ಲೇ.

ತಪ್ಪು ಹೆಚ್ಚಿನ ಸಲ ಕೈಯದೂ ಆಗಿರುವುದಿಲ್ಲ, ಪೆಡಲಿನದೂ ಆಗಿರುವುದಿಲ್ಲ.

ಪೆಡಲ್ ಮಾಡುವ ಕೆಲಸ

ಗಿಟಾರಿನಿಂದ ಬರುವ ವಿದ್ಯುತ್ ಅಲೆಯ ನೆತ್ತಿಯನ್ನು ಕತ್ತರಿಸುವುದೇ ಡಿಸ್ಟಾರ್ಷನ್. ಕತ್ತರಿಸಿದ ಅಲೆಯಲ್ಲಿ ಮೂಲ ಸ್ವರದ ಜೊತೆಗೆ ಅದರ ಮೇಲಿನ ಅನುಸ್ವರಗಳು ಧಾರಾಳವಾಗಿ ಹುಟ್ಟಿಕೊಳ್ಳುತ್ತವೆ. ಜೋರಿನ ಸದ್ದಿಗೂ ಮೆಲುಸದ್ದಿಗೂ ಇರುವ ಅಂತರ ಕಿರಿದಾಗುವುದರಿಂದ ಸ್ವರ ಹೆಚ್ಚು ಹೊತ್ತು ನಿಂತಂತೆ ಕೇಳುತ್ತದೆ.

ಈ ನಾದ ಹುಟ್ಟಿದ್ದೇ ಕೆಟ್ಟ ಯಂತ್ರದಿಂದ. 1961ರಲ್ಲಿ ಹೊರಬಂದ, ಅಮೆರಿಕದ ಮಾರ್ಟಿ ರಾಬಿನ್ಸ್ ಅವರ ‘ಡೋಂಟ್ ವರಿ’ ಹಾಡಿನ ಧ್ವನಿಮುದ್ರಣದಲ್ಲಿ ಗ್ರ್ಯಾಡಿ ಮಾರ್ಟಿನ್ ನುಡಿಸಿದ ಬಾಸ್, ಮಿಕ್ಸರಿನ ಒಂದು ಕೆಟ್ಟ ಚಾನೆಲ್‌ನಿಂದಾಗಿ ಕರಕರ ಎಂದಿತು. ಅದನ್ನೇ ಉಳಿಸಿಕೊಂಡರು. ಮರುವರ್ಷ ಮಾಯಸ್ಟ್ರೋ ಫಝ್-ಟೋನ್ ಎಂಬ ಪೆಡಲ್ ಮಾರುಕಟ್ಟೆಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಕೀತ್ ರಿಚರ್ಡ್ಸ್ ಬಳಸಿದ ಮೇಲೆ ಅದಕ್ಕೆ ಎಲ್ಲಿಲ್ಲದ ಬೇಡಿಕೆ.

ಇಂದು ಮೂರು ಹೆಸರು ಕೇಳಿಬರುತ್ತವೆ. ಓವರ್‌ಡ್ರೈವ್ ಅಲೆಯನ್ನು ಮೆದುವಾಗಿ ಸವರುತ್ತದೆ, ಬ್ಲೂಸ್‌ಗೂ ಹಳೆಯ ರಾಕ್‌ಗೂ ಒಗ್ಗುತ್ತದೆ. ಡಿಸ್ಟಾರ್ಷನ್ ಗಟ್ಟಿಯಾಗಿ ಕತ್ತರಿಸುತ್ತದೆ. ಫಝ್ ಅಲೆಯನ್ನು ಹೆಚ್ಚುಕಡಿಮೆ ಚೌಕ ಮಾಡಿಬಿಡುತ್ತದೆ. ಹೊಸಬರಿಗೆ ಹಿಡಿತ ಸಿಗುವುದು ಕಷ್ಟ.

ಅಸಲಿ ವಿಷಯ ಸ್ಪೀಕರ್

ಗಿಟಾರ್ ಆ್ಯಂಪಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಜ್‌ನಿಂದ ಮೇಲಿನ ಸದ್ದನ್ನು ಬಹುಪಾಲು ತಡೆಯುತ್ತದೆ. ಡಿಸ್ಟಾರ್ಷನ್‌ನ ಕರ್ಕಶ ಭಾಗ ಇರುವುದು ಅಲ್ಲೇ. ಮನೆಯ ಹೋಮ್ ಥಿಯೇಟರ್, ಬ್ಲೂಟೂತ್ ಸ್ಪೀಕರ್ ಅಥವಾ ಕೀಬೋರ್ಡಿನ ಆ್ಯಂಪ್ ಹಾಗೆ ತಡೆಯುವುದಿಲ್ಲ. ಎಷ್ಟೇ ಒಳ್ಳೆಯ ಪೆಡಲನ್ನು ನೇರವಾಗಿ ಅವಕ್ಕೆ ಜೋಡಿಸಿದರೂ ಕಿವಿಗೆ ಗರಗಸ ಹಾಕಿದಂತಾಗುತ್ತದೆ. ಗಿಟಾರ್ ಆ್ಯಂಪೇ ಇದ್ದರೂ 10 ವ್ಯಾಟ್‌ನದ್ದಾದರೆ ಅದರ ಪುಟ್ಟ ಸ್ಪೀಕರಿನಲ್ಲಿ ಮಂದ್ರ ಸ್ವರಗಳಿಗೆ ಜಾಗವಿಲ್ಲ. ಡೆಮೊ ವಿಡಿಯೊದಲ್ಲಿ ಕೇಳಿಸುವುದು ಪೆಡಲಿನ ಸದ್ದಷ್ಟೇ ಅಲ್ಲ. ದೊಡ್ಡ ಆ್ಯಂಪ್, 12 ಇಂಚಿನ ಸ್ಪೀಕರ್, ಮೈಕ್ ಮತ್ತು ಧ್ವನಿಮುದ್ರಣದ ಕೈಚಳಕ ಎಲ್ಲ ಅದರಲ್ಲಿ ಸೇರಿವೆ.

ಆದ್ದರಿಂದ ಕೈಯಲ್ಲಿ ಸೀಮಿತ ಹಣವಿದ್ದರೆ ಮೊದಲು ಆ್ಯಂಪ್ ಕಡೆ ನೋಡಿ. ಬಾಸ್ ಕಂಪನಿಯ ಕಟಾನಾ, ಫೆಂಡರ್ ಮಸ್ಟಾಂಗ್‌ನಂಥ ಆ್ಯಂಪ್‌ಗಳ ಒಳಗೇ ಹಲವು ಬಗೆಯ ಡಿಸ್ಟಾರ್ಷನ್ ಇದೆ. ಅವು ದುಬಾರಿಯೆನಿಸಿದರೆ, ಅಥವಾ ಅಪಾರ್ಟ್‌ಮೆಂಟಿನಲ್ಲಿ ಗೋಡೆಯಾಚೆಯವರ ನಿದ್ದೆಯ ಚಿಂತೆಯಿದ್ದರೆ, ಝೂಮ್ ಜಿ1 ಫೋರ್‌ನಂಥ ಮಲ್ಟಿ ಎಫೆಕ್ಟ್ ಜಾಣ ಆಯ್ಕೆ. ಟ್ಯೂನರ್, ತಾಳದ ಪೆಟ್ಟಿಗೆ, ಲೂಪರ್ ಅದರಲ್ಲೇ ಇವೆ. ಹೆಡ್‌ಫೋನ್‌ಗೆ ಬೇಕಾದ ಸ್ಪೀಕರ್ ಅನುಕರಣೆಯೂ ಇದೆ. ನಾಲ್ಕು ಎಎ ಬ್ಯಾಟರಿಯಲ್ಲಿ ಓಡುವುದರಿಂದ ಕರೆಂಟು ಹೋದರೂ ಅಭ್ಯಾಸ ನಿಲ್ಲದು. ಕಂಪ್ಯೂಟರ್ ಮತ್ತು ಆಡಿಯೊ ಇಂಟರ್‌ಫೇಸ್ ಇದ್ದವರಿಗೆ ನ್ಯೂರಲ್ ಆ್ಯಂಪ್ ಮಾಡೆಲರ್ ಎಂಬ ಉಚಿತ ತಂತ್ರಾಂಶವಿದೆ.

ಆದರೂ ಪೆಡಲೇ ಬೇಕೆಂದರೆ

ಗಿಟಾರ್ ಆ್ಯಂಪ್ ಈಗಾಗಲೇ ಇದ್ದು, ಅದರ ಸ್ವಚ್ಛ ನಾದ ಚೆನ್ನಾಗಿದ್ದರೆ ಪೆಡಲ್ ಕೊಳ್ಳಬಹುದು. ಬಾಸ್ ಕಂಪನಿಯ ಕಿತ್ತಳೆ ಬಣ್ಣದ ಡಿಎಸ್-1 ಬಂದದ್ದು 1978ರಲ್ಲಿ. ಜೋ ಸಾಟ್ರಿಯಾನಿ, ಸ್ಟೀವ್ ವೈ, ನಿರ್ವಾಣದ ಕರ್ಟ್ ಕೊಬೇನ್ ಬಳಸಿದ್ದು ಇದನ್ನೇ. ಟೋನ್ ನಾಬನ್ನು ಅರ್ಧಕ್ಕಿಂತ ಮೇಲೆ ತಿರುಗಿಸಿದರೆ ಕಿವಿ ಚುಚ್ಚುತ್ತದೆ, ಅಷ್ಟು ನೆನಪಿಟ್ಟರೆ ಸಾಕು. ಪ್ರೋಕೋ ರ್‍ಯಾಟ್ ಇದಕ್ಕಿಂತ ದಪ್ಪ ದನಿಯದು. ಐಬನೇಜ್ ಟ್ಯೂಬ್ ಸ್ಕ್ರೀಮರ್ ಓವರ್‌ಡ್ರೈವ್. ಮೆಟಲ್ ನುಡಿಸುವವರು ಅದನ್ನು ಆಗಲೇ ಗೇನ್ ಇರುವ ಆ್ಯಂಪನ್ನು ಇನ್ನಷ್ಟು ಬಿಗಿಗೊಳಿಸಲು ಬಳಸುತ್ತಾರೆ, ಸ್ವಚ್ಛ ಆ್ಯಂಪಿಗೆ ಹಾಕಿ ಮೆಟಲ್ ನಾದ ನಿರೀಕ್ಷಿಸಿದರೆ ನಿರಾಸೆಯೇ.

ಹೊಸಬರಿಗೆ ಅತಿಯಾಗಿ ಆಸೆ ಹುಟ್ಟಿಸುವುದು 1991ರ ಬಾಸ್ ಎಂಟಿ-2 ಮೆಟಲ್ ಝೋನ್. ಅದಕ್ಕೆ ಕೆಟ್ಟ ಹೆಸರು ಬರಲು ಅದರ ಮಿಡ್ ನಾಬೇ ಕಾರಣ ಎನ್ನಬಹುದು. ಕೋಣೆಯಲ್ಲಿ ಮಿಡ್ ಪೂರ್ತಿ ಇಳಿಸಿ, ಗೇನ್ ಪೂರ್ತಿ ಏರಿಸಿದರೆ ಭಯಂಕರವಾಗಿ ಕೇಳುತ್ತದೆ. ಡ್ರಮ್, ಬಾಸ್ ಜೊತೆ ನುಡಿಸಿದ ಕೂಡಲೇ ಗಿಟಾರ್ ಮಾಯ. ಮಿಡ್ ನಡುವಿನಲ್ಲೇ ಇರಲಿ, ಗೇನ್ ಅರ್ಧಕ್ಕೂ ಕೆಳಗಿರಲಿ.

ಬೆಹ್ರಿಂಗರ್, ಜೋಯೊ ಪೆಡಲ್‌ಗಳು ಇವುಗಳಿಗಿಂತ ಬಹಳ ಅಗ್ಗ. ಬೆಹ್ರಿಂಗರ್‌ನ ಹಲವು ಪೆಡಲ್‌ಗಳ ಮೈ ಪ್ಲಾಸ್ಟಿಕ್, ವೇದಿಕೆಯ ತುಳಿತಕ್ಕೆ ಬಾಳುವುದು ಅನುಮಾನ. ಮನೆಯ ಅಭ್ಯಾಸಕ್ಕೆ ಧಾರಾಳ ಸಾಕು. ಮುಂಬೈನಲ್ಲೇ ತಯಾರಾಗುವ ಅನಿಮಲ್ ಫ್ಯಾಕ್ಟರಿ ಆ್ಯಂಪ್ಲಿಫಿಕೇಷನ್‌ನ ಪಿಟ್ ವೈಪರ್, ಬ್ಯಾರನ್ ಸಾಮೆಡಿ ಪೆಡಲ್‌ಗಳಿಗೆ ವಿದೇಶದಲ್ಲೂ ಗಿರಾಕಿಗಳಿದ್ದಾರೆ. ಅವು ಎರಡನೆಯ ಅಥವಾ ಮೂರನೆಯ ಪೆಡಲಾಗಲಿ.

ಅಡಾಪ್ಟರ್ ವಿಷಯದಲ್ಲಿ ಉಳಿತಾಯ ಬೇಡ. ಬಹುಪಾಲು ಪೆಡಲ್‌ಗಳಿಗೆ ಬೇಕಾದ್ದು 9 ವೋಲ್ಟ್ ಡಿಸಿ, ಪಿನ್ನಿನ ನಡುಭಾಗ ನೆಗೆಟಿವ್. ಮನೆಯಲ್ಲಿ ಬಿದ್ದಿರುವ ರೌಟರ್ ಅಡಾಪ್ಟರಿನಲ್ಲಿ ಸಾಮಾನ್ಯವಾಗಿ ನಡುಭಾಗ ಪಾಸಿಟಿವ್. ಹಾಕಿದರೆ ಪೆಡಲ್ ಸುಡಬಹುದು. ಬ್ಯಾಟರಿ ಹಾಕಿದ್ದರೆ ಅಭ್ಯಾಸ ಮುಗಿದ ಮೇಲೆ ಇನ್‌ಪುಟ್ ಕೇಬಲ್ ಕಿತ್ತಿಡಿ. ಕೇಬಲ್ ಚುಚ್ಚಿರುವಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ತಂತಿ ಮುಟ್ಟಿದಾಗ ಗೊಂಯ್ ಎನ್ನುವ ಸದ್ದು ನಿಂತರೆ ಅದು ಹೊರಗಿನ ವಿದ್ಯುತ್ತಿನ ಗದ್ದಲ. ತಂತಿ ಮುಟ್ಟಿದಾಗ ಕೈ ಜುಂ ಎಂದರೆ ಮಾತ್ರ ತಕ್ಷಣ ಆ್ಯಂಪ್ ಆರಿಸಿ, ಮನೆಯ ಅರ್ಥಿಂಗನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಕಲಿಯುವುದು ಎಲ್ಲಿ?

ಡಿಸ್ಟಾರ್ಷನ್ ಹಾಕಿದರೆ ತಪ್ಪು ಮುಚ್ಚಿಹೋಗುತ್ತದೆ ಎಂಬ ಮಾತು ಅರ್ಧ ಸತ್ಯ. ಪಿಕ್‌ನ ಪೆಟ್ಟಿನ ಏರುಪೇರು ಮುಚ್ಚಿಹೋಗುತ್ತದೆ, ಬೇಡದ ತಂತಿಯ ಸದ್ದು ನಾಲ್ಕು ಪಟ್ಟು ಎದ್ದು ಕಾಣುತ್ತದೆ. ಬಲಗೈಯ ಅಂಗೈ ಅಂಚಿನಿಂದ ಕೆಳ ಸ್ವರದ ತಂತಿಗಳನ್ನೂ, ಎಡಗೈ ಬೆರಳುಗಳಿಂದ ಉಳಿದವನ್ನೂ ಅದುಮಿಡುವುದೇ ಇಲ್ಲಿನ ಮೊದಲ ಪಾಠ. ಎರಡನೆಯದು ಪವರ್ ಕಾರ್ಡ್. ತಂಬೂರಿಯ ಸಾ-ಪಾ ಬಲ್ಲವರಿಗೆ ಇದು ಹೊಸತಲ್ಲ: ಮೂಲ ಸ್ವರ, ಅದರ ಪಂಚಮ, ಅಷ್ಟೇ. ಗಾಂಧಾರವನ್ನೂ ಸೇರಿಸಿ ಪೂರ್ಣ ಕಾರ್ಡ್ ಹಿಡಿದರೆ ಅತಿ ಗೇನ್‌ನಲ್ಲಿ ಸ್ವರಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕಲಸಿಹೋಗುತ್ತವೆ.

ಉಚಿತ ಪಾಠಗಳಲ್ಲಿ ಆಸ್ಟ್ರೇಲಿಯಾ ಮೂಲದ ಜಸ್ಟಿನ್ ಸ್ಯಾಂಡರ್ಕೋ ಅವರ ಜಸ್ಟಿನ್‌ಗಿಟಾರ್ ಇಂದಿಗೂ ನಂಬಬಹುದಾದ್ದು, ಯಾಕೆಂದರೆ ಅಲ್ಲಿ ಪಾಠಗಳಿಗೆ ಕ್ರಮವಿದೆ. ಹಿಂದಿಯಲ್ಲೂ ಪಾಠಗಳು ಬೇಕಾದಷ್ಟಿವೆ, ಆದರೆ ಹೆಚ್ಚಿನವು ಸಿನಿಮಾ ಹಾಡಿನ ಕಾರ್ಡ್‌ಗಳಲ್ಲೇ ನಿಲ್ಲುತ್ತವೆ. ತಂತಿ ಅದುಮುವ ವಿದ್ಯೆ ಅಲ್ಲಿ ಸಿಗುವುದು ಅಪರೂಪ. ಪುಸ್ತಕ ಬೇಕೆನ್ನುವವರಿಗೆ ಹಾಲ್ ಲಿಯೊನಾರ್ಡ್ ಗಿಟಾರ್ ಮೆಥಡ್ ಇದೆ, ಮೆಟಲ್‌ಗೇ ಹೋಗುವವರಿಗೆ ಟ್ರಾಯ್ ಸ್ಟೆಟಿನಾ ಅವರ ಮೆಟಲ್ ರಿದಮ್ ಗಿಟಾರ್. ಟ್ಯಾಬ್ ನೋಡುತ್ತ ನಿಧಾನಗತಿಯಲ್ಲಿ ನುಡಿಸಲು ಸಾಂಗ್‌ಸ್ಟರ್ ಉಪಯುಕ್ತ. ಕೇಳಲು ಬೆಂಗಳೂರಿನ ಕ್ರಿಪ್ಟೋಸ್ ಇದ್ದಾರೆ. 1998ರಲ್ಲಿ ಹುಟ್ಟಿ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದವರೆಗೆ ಹೋದ ಈ ಬ್ಯಾಂಡಿನ ಎರಡು ಗಿಟಾರ್‌ಗಳು ಅಷ್ಟು ಗೇನ್‌ನಲ್ಲೂ ಎಷ್ಟು ಸ್ವಚ್ಛವಾಗಿ ಬೇರೆಬೇರೆ ಕೇಳುತ್ತವೆ ಎಂಬುದನ್ನು ಗಮನಿಸಿ.

ಗುರು ಸಿಗುವುದಾದರೆ ಮೊದಲ ಮೂರು ತಿಂಗಳಾದರೂ ಎದುರು ಕೂತು ಕಲಿಯುವುದು ಲೇಸು. ಮಣಿಕಟ್ಟು ತಪ್ಪಾಗಿ ಬಾಗಿದ್ದನ್ನು ವಿಡಿಯೊ ತಿದ್ದಲಾರದು. ಅವರು ಅಕೌಸ್ಟಿಕ್ ಗಿಟಾರಿನವರಾದರೂ ನಡೆದೀತು. ಮುಂದೆ ಪ್ರಮಾಣಪತ್ರ ಬೇಕೆನಿಸಿದರೆ ಟ್ರಿನಿಟಿಯ ರಾಕ್ ಆ್ಯಂಡ್ ಪಾಪ್, ರಾಕ್‌ಸ್ಕೂಲ್ ಗ್ರೇಡ್ ಪರೀಕ್ಷೆಗಳಿವೆ. ನುಡಿಸಿದ ವಿಡಿಯೊ ಕಳಿಸಿಯೂ ಬರೆಯಬಹುದಾದ್ದರಿಂದ ಪರೀಕ್ಷೆಗಾಗಿ ಮುಂಬೈ ರೈಲು ಹತ್ತಬೇಕಾಗಿಲ್ಲ.