ಫಾಸ್ಟ್ಯಾಗ್ ಮತ್ತು ಖಾಸಗಿತನ

ರಾಷ್ಟ್ರೀಯ ಹೆದ್ದಾರಿಗಳ ಟೋಲ್ ವಸೂಲಿಗೆ 2021ರ ಫೆಬ್ರುವರಿಯಿಂದ ಕಡ್ಡಾಯವಾದ ಫಾಸ್ಟ್ಯಾಗ್‌ಗೆ ಬ್ಯಾಟರಿಯಿಲ್ಲ; ಗೇಟಿನ ರೀಡರ್ ಹೊಮ್ಮಿಸುವ ರೇಡಿಯೊ ಅಲೆಗಳಿಂದಲೇ ಶಕ್ತಿ ಪಡೆದು ತನ್ನ ಗುರುತು ತಿಳಿಸುತ್ತದೆ. ಹಣ ಕಡಿತವಾಗುವಾಗ ಯಾವ ವಾಹನ, ಯಾವ ಗೇಟು, ಎಷ್ಟು ಹೊತ್ತಿಗೆ ಎಂಬುದೂ ದಾಖಲಾಗುತ್ತದೆ. ಟ್ಯಾಗ್ ಪಡೆದವರ ಮೊಬೈಲ್ ಸಂಖ್ಯೆ, ಗುರುತಿನ ದಾಖಲೆಗಳು ಟ್ಯಾಗ್ ಕೊಟ್ಟ ಬ್ಯಾಂಕಿನಲ್ಲಿರುವುದರಿಂದ ಈ ದಾಖಲೆ ಮನುಷ್ಯರ ಓಡಾಟದ ಕಡತವೂ ಹೌದು.

ನಂಬರ್ ಪ್ಲೇಟ್ ಹೇಗೂ ಎಲ್ಲರಿಗೂ ಕಾಣುತ್ತದೆ, ಕಳವಾದ ಕಾರು ಪತ್ತೆಯಾಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಆದರೆ ದಾರಿಹೋಕರು ಕಂಡದ್ದನ್ನು ಮರೆಯುತ್ತಾರೆ. ಕೂಡಿಟ್ಟ ದಾಖಲೆ ವರ್ಷಗಳ ಬಳಿಕವೂ ಆಸ್ಪತ್ರೆ, ಯಾತ್ರೆ, ಪ್ರತಿಭಟನೆಗಳತ್ತ ಹೋದ ದಾರಿಯನ್ನು ತೋರಿಸಬಲ್ಲದು. ಒಬ್ಬ ಕಳ್ಳನಿಗಾಗಿ ಎಲ್ಲರ ಪ್ರಯಾಣವನ್ನೂ ಕಾಲಮಿತಿಯಿಲ್ಲದೆ ಕಾಪಿಡುವುದು ನ್ಯಾಯವಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೂ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ, ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ.