ಉದ್ಯೋಗ ಕಡಿತವಾದಾಗ ಕಾರ್ಮಿಕರಿಗೆ ದೊರೆಯುವ ಪರಿಹಾರ ಮತ್ತು ಕಾನೂನು ರಕ್ಷಣೆ

ಬೆಳ್ತಂಗಡಿ, ಬಂಟ್ವಾಳ ಮತ್ತು ಮೂಡುಬಿದಿರೆ ತಾಲ್ಲೂಕುಗಳ ಕಾರ್ಮಿಕರ ಮಾಹಿತಿಗಾಗಿ

ಧರ್ಮಸ್ಥಳದ ಹೋಟೆಲು, ಖಾಸಗಿ ವಸತಿಗೃಹ ಹಾಗೂ ಅಂಗಡಿಗಳ ನೌಕರರು, ಗೇರುಬೀಜ ಕಾರ್ಖಾನೆಗಳ ಕೆಲಸಗಾರರು ಮತ್ತು ಮನೆಯಲ್ಲಿಯೇ ಬೀಡಿ ಕಟ್ಟುವ ಮಹಿಳೆಯರಿಗೆ ಅನೇಕ ವೇಳೆ ಕೆಲಸ ನಿಂತ ಸುದ್ದಿ ಬಾಯಿಮಾತಿನಲ್ಲಿಯೇ ತಲುಪುತ್ತದೆ. ಒಂದು ವರ್ಷದ ನಿರಂತರ ಸೇವೆ ಪೂರೈಸಿದ ಕಾರ್ಮಿಕರನ್ನು ಹೀಗೆ ಬಾಯಿಮಾತಿನಿಂದ ಕೆಲಸದಿಂದ ಕಡಿತಗೊಳಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ದಿನಾಂಕ 21-11-2025ರಿಂದ ಕೈಗಾರಿಕಾ ವಿವಾದಗಳ ಕಾಯ್ದೆ, 1947ರ ಬದಲಿಗೆ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಜಾರಿಯಲ್ಲಿರುತ್ತದೆ.

1. ಯಾರು ಅರ್ಹರು?
ಹನ್ನೆರಡು ತಿಂಗಳಲ್ಲಿ ಕನಿಷ್ಠ 240 ದಿನ ಕೆಲಸ ಮಾಡಿದವರು ಒಂದು ವರ್ಷದ ನಿರಂತರ ಸೇವೆ ಸಲ್ಲಿಸಿದವರೆಂದು ಪರಿಗಣಿಸಲ್ಪಡುತ್ತಾರೆ. ಪೂರ್ಣ ವೇತನದ ರಜೆ, ಕೆಲಸದ ವೇಳೆ ಆದ ಅಪಘಾತದಿಂದ ಗೈರಾದ ದಿನಗಳು ಹಾಗೂ 26 ವಾರಗಳವರೆಗಿನ ಹೆರಿಗೆ ರಜೆಯನ್ನೂ ಈ ಲೆಕ್ಕಕ್ಕೆ ಸೇರಿಸತಕ್ಕದ್ದು. ವ್ಯವಸ್ಥಾಪಕರು, ಮಾಸಿಕ ರೂ. 18,000ಕ್ಕಿಂತ ಹೆಚ್ಚು ವೇತನದ ಮೇಲ್ವಿಚಾರಕರು, ಮನೆಗೆಲಸದವರು ಹಾಗೂ ಸಂಪೂರ್ಣವಾಗಿ ಅಥವಾ ಬಹುಪಾಲು ಧರ್ಮಾರ್ಥ ಸೇವೆಯಲ್ಲಿ ತೊಡಗಿದ ಸಂಸ್ಥೆಗಳ ನೌಕರರು ಇದರ ವ್ಯಾಪ್ತಿಗೆ ಬರುವುದಿಲ್ಲ.

2. ಮಾಲೀಕರು ಪಾಲಿಸಬೇಕಾದ ಷರತ್ತುಗಳು
ಅ) ಕಾರಣ ತಿಳಿಸಿ ಒಂದು ತಿಂಗಳ ಲಿಖಿತ ನೋಟೀಸು ಅಥವಾ ಅದರ ಬದಲಿಗೆ ಒಂದು ತಿಂಗಳ ವೇತನ ನೀಡಬೇಕು.
ಆ) ಪ್ರತಿ ಪೂರ್ಣ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ನೀಡಬೇಕು. ಆರು ತಿಂಗಳು ಮೀರಿದ ಅವಧಿಯನ್ನು ಒಂದು ವರ್ಷವೆಂದು ಗಣಿಸಬೇಕು.
ಇ) ಸರ್ಕಾರಕ್ಕೆ ಸೂಚನೆ ನೀಡಬೇಕು.
ಈ) ಸಾಮಾನ್ಯವಾಗಿ, ಆಯಾ ವರ್ಗದಲ್ಲಿ ಕೊನೆಗೆ ಸೇರಿದವರನ್ನು ಮೊದಲು ಕಡಿತಗೊಳಿಸಬೇಕು. ಒಂದು ವರ್ಷದೊಳಗೆ ಪುನಃ ನೇಮಕ ಮಾಡಿಕೊಳ್ಳುವುದಾದರೆ ಕಡಿತಗೊಂಡವರಿಗೆ ಆದ್ಯತೆ ನೀಡಬೇಕು.

300 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ, ಗಣಿ ಹಾಗೂ ತೋಟಗಳಲ್ಲಿ ಸರ್ಕಾರದ ಪೂರ್ವಾನುಮತಿ ಮತ್ತು ಮೂರು ತಿಂಗಳ ನೋಟೀಸು ಕಡ್ಡಾಯ.

3. ಇತರೆ ಬಾಕಿಗಳು
ವೇತನ ಸಂಹಿತೆ, 2019ರ ಪ್ರಕಾರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕು. ಐದು ವರ್ಷ ಸೇವೆ ಸಲ್ಲಿಸಿದವರಿಗೆ ಗ್ರಾಚ್ಯುಟಿ ಪ್ರತ್ಯೇಕವಾಗಿ ಸಲ್ಲುತ್ತದೆ. ಮರುಕೌಶಲ್ಯ ನಿಧಿಯಿಂದ 15 ದಿನಗಳ ವೇತನದಷ್ಟು ಮೊತ್ತ 45 ದಿನಗಳೊಳಗೆ ಕಾರ್ಮಿಕರ ಖಾತೆಗೆ ಜಮೆಯಾಗತಕ್ಕದ್ದು.

ಉದಾಹರಣೆ: ದಿನಕ್ಕೆ ರೂ. 400 ವೇತನದಲ್ಲಿ 12 ವರ್ಷ 7 ತಿಂಗಳು ದುಡಿದ ಕಾರ್ಖಾನೆ ಕೆಲಸಗಾರರ ಸೇವೆಯನ್ನು 13 ವರ್ಷವೆಂದು ಗಣಿಸಲಾಗುತ್ತದೆ. ಪರಿಹಾರ 13 x 15 x 400 = ರೂ. 78,000. ಗ್ರಾಚ್ಯುಟಿ ರೂ. 78,000. ಮರುಕೌಶಲ್ಯ ಮೊತ್ತ ರೂ. 6,000. ಒಟ್ಟು ರೂ. 1,62,000. ನೋಟೀಸು ವೇತನ ಹಾಗೂ ಭವಿಷ್ಯನಿಧಿ ಇದರಲ್ಲಿ ಸೇರಿಲ್ಲ.

4. ಸಂಸ್ಥೆಯೇ ಮುಚ್ಚಿದಲ್ಲಿ
ಒಂದು ವರ್ಷದ ನಿರಂತರ ಸೇವೆಯುಳ್ಳವರಿಗೆ ಮೇಲ್ಕಂಡ ನೋಟೀಸು ಮತ್ತು ಪರಿಹಾರ ಅನ್ವಯಿಸುತ್ತವೆ. ಮಾಲೀಕರ ಹತೋಟಿ ಮೀರಿದ ಅನಿವಾರ್ಯ ಕಾರಣದಿಂದ ಮುಚ್ಚಿದಾಗ ಮಾತ್ರ ಪರಿಹಾರವು ಮೂರು ತಿಂಗಳ ಸರಾಸರಿ ವೇತನಕ್ಕೆ ಸೀಮಿತವಾಗುತ್ತದೆ. ಕೇವಲ ಹಣಕಾಸಿನ ಮುಗ್ಗಟ್ಟು ಅಥವಾ ಮಾರಾಟವಾಗದ ದಾಸ್ತಾನು ಅಂತಹ ಕಾರಣವಾಗುವುದಿಲ್ಲ.

5. ಮನೆಯಲ್ಲಿ ಬೀಡಿ ಕಟ್ಟುವವರು
ಮನೆಯಲ್ಲಿ ಕೆಲಸ ಮಾಡುತ್ತಾರೆಂಬ ಒಂದೇ ಕಾರಣಕ್ಕೆ ಇವರ ಹಕ್ಕನ್ನು ನಿರಾಕರಿಸುವಂತಿಲ್ಲ. ಗುತ್ತಿಗೆದಾರರ ಮೂಲಕ ಕೆಲಸ ಪಡೆದವರನ್ನೂ ಬೀಡಿ ಕಂಪನಿಯ ಕಾರ್ಮಿಕರೆಂದು ಸರ್ವೋಚ್ಚ ನ್ಯಾಯಾಲಯವು 1964ರಲ್ಲಿ, ದಿವಾನ್ ಮೊಹಿದೀನ್ ಸಾಹೇಬ್ ಪ್ರಕರಣದಲ್ಲಿ, ಎತ್ತಿಹಿಡಿದಿದೆ. ಮನೆ ಕೆಲಸಗಾರರನ್ನೂ ಒಳಗೊಂಡ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ, 1974ರಲ್ಲಿ, ಅದೇ ನ್ಯಾಯಾಲಯವು ಮಾನ್ಯ ಮಾಡಿತು. ಆದರೆ ಕಾರ್ಮಿಕ–ಮಾಲೀಕ ಸಂಬಂಧ ಹಾಗೂ 240 ದಿನಗಳ ಕೆಲಸವನ್ನು ಆಯಾ ಪ್ರಕರಣದಲ್ಲಿ ಸಾಬೀತುಪಡಿಸಬೇಕಾಗುತ್ತದೆ. ಆದುದರಿಂದ ಎಲೆ, ಹೊಗೆಸೊಪ್ಪು ಪಡೆದ ಮತ್ತು ಬೀಡಿ ಒಪ್ಪಿಸಿದ ವಿವರವುಳ್ಳ ಪುಸ್ತಕ, ಗುರುತಿನ ಚೀಟಿ ಹಾಗೂ ಭವಿಷ್ಯನಿಧಿ ದಾಖಲೆಗಳನ್ನು ಜೋಪಾನವಾಗಿಡಬೇಕು. ಪುಸ್ತಕವನ್ನು ಹಿಂದಿರುಗಿಸಲು ಕೇಳಿದಲ್ಲಿ ಪ್ರತಿ ತೆಗೆದಿಟ್ಟುಕೊಳ್ಳುವುದು ಸೂಕ್ತ.

6. ದೂರು ಸಲ್ಲಿಸುವ ವಿಧಾನ
ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಸಂಧಾನಾಧಿಕಾರಿಯವರಿಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. 45 ದಿನಗಳೊಳಗೆ ಇತ್ಯರ್ಥವಾಗದಿದ್ದಲ್ಲಿ ಕಾರ್ಮಿಕರು ನೇರವಾಗಿ ಕೈಗಾರಿಕಾ ನ್ಯಾಯಾಧಿಕರಣದ ಮೊರೆ ಹೋಗಬಹುದು. ಕೆಲಸ ಕಳೆದುಕೊಂಡ ದಿನದಿಂದ ಎರಡು ವರ್ಷ ಮೀರಿದ ಅರ್ಜಿಗೆ ಅವಕಾಶವಿಲ್ಲ. ಹಿಂದಿನ ಕಾಯ್ದೆಯಲ್ಲಿ ಈ ಅವಧಿ ಮೂರು ವರ್ಷವಿತ್ತೆಂಬುದನ್ನು ಗಮನಿಸುವುದು.

ಮಹಿಳೆಯರು ಮತ್ತು ಕೈಗಾರಿಕಾ ಕಾರ್ಮಿಕರು ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ ಅನ್ವಯ ಉಚಿತ ಕಾನೂನು ನೆರವಿಗೆ ಅರ್ಹರು. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ ಸಹಾಯವಾಣಿ 15100 ಅನ್ನು ಸಂಪರ್ಕಿಸಬಹುದು. ಸ್ವಉದ್ಯೋಗ ಬಯಸುವವರಿಗೆ ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ಉಚಿತ ತರಬೇತಿ ನೀಡುತ್ತದೆ.

ವಿಶೇಷ ಸೂಚನೆ: ಸ್ವಇಚ್ಛೆಯಿಂದ ಕೆಲಸ ಬಿಟ್ಟವರಿಗೆ ಉದ್ಯೋಗ ಕಡಿತ ಪರಿಹಾರ ದೊರೆಯುವುದಿಲ್ಲ. ಆದ್ದರಿಂದ ರಾಜೀನಾಮೆ ಪತ್ರಕ್ಕಾಗಲಿ, ಖಾಲಿ ಕಾಗದಕ್ಕಾಗಲಿ, "ಎಲ್ಲ ಬಾಕಿ ಸಂದಿದೆ" ಎಂಬ ಬರಹಕ್ಕಾಗಲಿ ಓದಿ ತಿಳಿಯದೆ ಸಹಿ ಅಥವಾ ಹೆಬ್ಬೆಟ್ಟು ಹಾಕಬಾರದಾಗಿ ಕೋರಲಾಗಿದೆ.