ರಾಮಾನುಜನ್ ಬರೆದ ಎರಡು ಅರ್ಜಿಗಳು

ಓದು ಮುಗಿಸಿ ಮೊದಲ ಕೆಲಸಕ್ಕೆ ಅರ್ಜಿ ಬರೆಯಲು ಕುಳಿತಾಗ ನಿಮ್ಮಲ್ಲಿ ಹಲವರನ್ನು ಕಾಡುವ ಪ್ರಶ್ನೆ ಒಂದೇ: ಬಯೋಡಾಟಾದಲ್ಲಿ ತುಂಬಲು ನನ್ನ ಹತ್ತಿರ ಏನಿದೆ? ಅನುಭವವಿಲ್ಲ, ಅಂಕಗಳು ಹೇಳಿಕೊಳ್ಳುವಂತಿಲ್ಲ, ನಡುವೆ ಒಂದೆರಡು ವರ್ಷ ಖಾಲಿ ಬೇರೆ. 1912ರ ಆರಂಭದಲ್ಲಿ ಮದರಾಸಿನ ಒಬ್ಬ ತರುಣರ ಸ್ಥಿತಿ ಇದಕ್ಕಿಂತ ಕಠಿಣವಾಗಿತ್ತು. ಅವರೇ ಶ್ರೀನಿವಾಸ ರಾಮಾನುಜನ್. ಗಣಿತಜ್ಞ ರಾಮಾನುಜನ್ ನಿಮಗೆಲ್ಲ ಗೊತ್ತು. ಕೆಲಸ ಹುಡುಕುತ್ತಿದ್ದ ರಾಮಾನುಜನ್ ಅಷ್ಟಾಗಿ ಗೊತ್ತಿರಲಾರರು.

1887ರ ಡಿಸೆಂಬರ್ 22ರಂದು ಈರೋಡಿನಲ್ಲಿ ಹುಟ್ಟಿದ ಅವರು 1904ರಲ್ಲಿ ವಿದ್ಯಾರ್ಥಿವೇತನ ಪಡೆದು ಕುಂಭಕೋಣದ ಸರ್ಕಾರಿ ಕಾಲೇಜು ಸೇರಿದರು. ಗಣಿತ ಬಿಟ್ಟು ಬೇರೇನನ್ನೂ ಓದಲಿಲ್ಲ, ವಿದ್ಯಾರ್ಥಿವೇತನ ಹೋಯಿತು. ಆಮೇಲೆ ಮದರಾಸಿನ ಪಚ್ಚಯ್ಯಪ್ಪ ಕಾಲೇಜು. ಅಲ್ಲಿಯೂ ಎಫ್.ಎ. ಪರೀಕ್ಷೆ ದಾಟಲಿಲ್ಲ. ಎಫ್.ಎ. ಎಂದರೆ ಹೆಚ್ಚುಕಡಿಮೆ ಇಂದಿನ ಪಿ.ಯು.ಸಿ. ಮಟ್ಟದ ಪರೀಕ್ಷೆ. ನಮ್ಮ ಮೈಸೂರು ಸಂಸ್ಥಾನದ ಕಾಲೇಜುಗಳೂ ಆಗ ಮದರಾಸು ವಿಶ್ವವಿದ್ಯಾನಿಲಯಕ್ಕೇ ಸೇರಿದ್ದವು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ. ಆ ಪರೀಕ್ಷೆಯಲ್ಲಿ ನಪಾಸಾದವನಿಗೆ ಮುಂದಿನ ಓದಿನ ಬಾಗಿಲು ಮುಚ್ಚಿದಂತೆಯೇ.

1909ರಲ್ಲಿ ಮದುವೆಯಾಯಿತು. ಇನ್ನು ಕೆಲಸ ಹುಡುಕಲೇಬೇಕು. ರಾಮಾನುಜನ್ ತಮ್ಮ ನೋಟುಬುಕ್ಕುಗಳನ್ನು ಹಿಡಿದುಕೊಂಡು ಓಡಾಡಿದರು. ತಿರುಕೋಯಿಲೂರಿನಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದ ವಿ. ರಾಮಸ್ವಾಮಿ ಅಯ್ಯರ್ ಸ್ವತಃ ಗಣಿತ ಬಲ್ಲವರು. ಪುಟಗಳನ್ನು ನೋಡಿದ ಅವರು ಕೆಲಸ ಕೊಡಲಿಲ್ಲ! ಇಂಥ ಪ್ರತಿಭೆಯನ್ನು ಕಂದಾಯ ಇಲಾಖೆಯ ಕೆಳಮಟ್ಟದ ನೌಕರಿಯಲ್ಲಿ ಹೂಳಲು ಅವರಿಗೆ ಮನಸ್ಸಾಗಲಿಲ್ಲ. ಅದರ ಬದಲು ಮದರಾಸಿನ ಸ್ನೇಹಿತರಿಗೆ ಪರಿಚಯ ಪತ್ರ ಕೊಟ್ಟು ಕಳುಹಿಸಿದರು. ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ತಿಂಗಳಿಗೆ 25 ರೂಪಾಯಿ ಕೊಡುತ್ತ ಕೆಲಕಾಲ ಸಲಹಿದರು. ಇನ್ನೊಬ್ಬರ ಹಂಗಿನಲ್ಲಿ ಬಹಳ ದಿನ ಇರುವುದು ರಾಮಾನುಜನ್ ಅವರಿಗೆ ಒಗ್ಗಲಿಲ್ಲ.

1912ರ ಫೆಬ್ರುವರಿ 9ರಂದು ಅವರು ಮದರಾಸು ಪೋರ್ಟ್ ಟ್ರಸ್ಟಿನ ಮುಖ್ಯ ಲೆಕ್ಕಾಧಿಕಾರಿಗೆ ಅರ್ಜಿ ಬರೆದರು. ಅದಕ್ಕೆ ಮುಂಚೆ ಬೇರೊಂದು ಕಚೇರಿಯಲ್ಲಿ ಕೆಲವು ವಾರ ತಾತ್ಕಾಲಿಕ ಕೆಲಸ ಮಾಡಿದ್ದುಂಟು. ನಿಲ್ಲುವಂಥ ಕೆಲಸಕ್ಕೆ ಇದೇ ಮೊದಲು. ಅರ್ಜಿ ಕೆಲವೇ ವಾಕ್ಯಗಳದ್ದು. ತಮ್ಮ ಕಚೇರಿಯಲ್ಲಿ ಗುಮಾಸ್ತೆ ಹುದ್ದೆ ಖಾಲಿಯಿದೆಯೆಂದು ತಿಳಿಯಿತು. ಮೆಟ್ರಿಕ್ಯುಲೇಷನ್ ತೇರ್ಗಡೆಯಾಗಿದ್ದೇನೆ, ಎಫ್.ಎ.ವರೆಗೆ ಓದಿದ್ದೇನೆ, ಅನೇಕ ಅಡಚಣೆಗಳಿಂದ ಓದು ಮುಂದುವರಿಯಲಿಲ್ಲ. ಆದರೆ ಆಗಿನಿಂದ ನನ್ನ ಸಮಯವನ್ನೆಲ್ಲ ಗಣಿತಕ್ಕೆ ಕೊಟ್ಟಿದ್ದೇನೆ. ಈ ಕೆಲಸವನ್ನು ಸರಿಯಾಗಿ ಮಾಡಬಲ್ಲೆನೆಂಬ ಭರವಸೆ ನನಗಿದೆ. ಇಷ್ಟೇ ಅದರ ಸಾರ.

ಈ ಅರ್ಜಿಯಲ್ಲಿ ಏನಿಲ್ಲ ಎಂಬುದನ್ನು ಗಮನಿಸಿ. ನಪಾಸಾದೆ ಎಂದು ಗೋಳಾಡಿಲ್ಲ. ಪಾಸಾದೆ ಎಂಬ ಸುಳ್ಳೂ ಇಲ್ಲ. ಖಾಲಿ ಬಿದ್ದ ವರ್ಷಗಳನ್ನು ಮುಚ್ಚಿಡದೆ, ಆ ವರ್ಷಗಳಲ್ಲಿ ಏನು ಮಾಡಿದೆನೆಂದು ಒಂದೇ ವಾಕ್ಯದಲ್ಲಿ ಹೇಳಿದರು. ಒಂದು ಪ್ರಮೇಯವನ್ನೂ ಬರೆಯಲಿಲ್ಲ; ಲೆಕ್ಕದ ಕಚೇರಿಗೆ ಅದು ಬೇಕಿರಲಿಲ್ಲ. ಜೊತೆಗೆ ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡ್ಲ್‌ಮಾಸ್ಟ್ ಅವರ ಶಿಫಾರಸು ಪತ್ರವಿತ್ತು. ಪೋರ್ಟ್ ಟ್ರಸ್ಟ್ ಕಚೇರಿಯಲ್ಲಿ ಮೇಲಿನ ಹುದ್ದೆಯಲ್ಲಿದ್ದ ನಾರಾಯಣ ಅಯ್ಯರ್ ಅವರೂ ಗಣಿತಪ್ರಿಯರೇ. ಮಾರ್ಚ್ 1ರಿಂದ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ 30 ರೂಪಾಯಿ.

ಎರಡನೆಯ ಅರ್ಜಿ 1913ರ ಜನವರಿ 16ರದು. ಕೇಂಬ್ರಿಜ್‌ನ ಜಿ.ಎಚ್. ಹಾರ್ಡಿ ಅವರಿಗೆ ಬರೆದ ಪತ್ರ. ನೌಕರಿ ಕೇಳದಿದ್ದರೂ ಇದನ್ನು ಅರ್ಜಿಯೆಂದೇ ಕರೆಯಬೇಕು. ತಾವು ಪೋರ್ಟ್ ಟ್ರಸ್ಟಿನ ಲೆಕ್ಕಪತ್ರ ವಿಭಾಗದ ಗುಮಾಸ್ತೆ, ಸಂಬಳ ವರ್ಷಕ್ಕೆ 20 ಪೌಂಡು ಮಾತ್ರ, ವಯಸ್ಸು ಸುಮಾರು 23, ವಿಶ್ವವಿದ್ಯಾನಿಲಯದ ಶಿಕ್ಷಣವಿಲ್ಲ ಎಂದು ಆರಂಭ. ಇಲ್ಲೊಂದು ತಮಾಷೆಯಿದೆ. ಆಗ ಪೌಂಡಿಗೆ 15 ರೂಪಾಯಿ. ತಿಂಗಳಿಗೆ 30 ರೂಪಾಯಿಯೆಂದರೆ ವರ್ಷಕ್ಕೆ 24 ಪೌಂಡು. ವಯಸ್ಸೂ ಆಗಲೇ 25 ತುಂಬಿತ್ತು. ಸಂಖ್ಯೆಗಳನ್ನೇ ಉಸಿರಾಡಿದವರು ತಮ್ಮ ವಿಷಯದಲ್ಲಿ ಬರೆದ ಎರಡು ಸಂಖ್ಯೆಗಳೂ ಸರಿಯಿಲ್ಲ! ನೀವು ಹಾಗೆ ಮಾಡಬೇಡಿ. ನಿಮ್ಮ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಜನ್ಮದಿನಾಂಕವನ್ನು ಕಚೇರಿಯವರು ನೋಡಿಯೇ ನೋಡುತ್ತಾರೆ.

ಪರಿಚಯದ ನಂತರ ಪುಟಗಟ್ಟಲೆ ಪ್ರಮೇಯಗಳು. ಮೊದಲ ಅರ್ಜಿಯಲ್ಲಿ ಒಂದೂ ಇರಲಿಲ್ಲ, ಇದರಲ್ಲಿ ಬಹುಪಾಲು ಅವೇ. ಓದುವವರು ಬೇರೆ, ಅರ್ಜಿಯೂ ಬೇರೆ. ಆದರೂ ಇದಕ್ಕೆ ಮುಂಚೆ ಕೇಂಬ್ರಿಜ್‌ನ ಇನ್ನಿಬ್ಬರು ಗಣಿತಜ್ಞರಿಗೆ ಬರೆದದ್ದರಿಂದ ಏನೂ ಫಲ ಸಿಕ್ಕಿರಲಿಲ್ಲ. ಹಾರ್ಡಿ ಮಾತ್ರ ಫೆಬ್ರುವರಿ 8ರಂದು ಉತ್ತರ ಬರೆದರು. ಪ್ರಮೇಯಗಳಿಗೆ ಸಾಧನೆಗಳನ್ನು ಕೇಳಿದರು. ಎಫ್.ಎ. ಪಾಸಾಗದವರಿಗೆ ಅದೇ ವರ್ಷದ ಮೇ ತಿಂಗಳಿನಿಂದ ಮದರಾಸು ವಿಶ್ವವಿದ್ಯಾನಿಲಯವೇ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಕೊಟ್ಟಿತು. ಪೋರ್ಟ್ ಟ್ರಸ್ಟಿನ ಲೆಕ್ಕದ ಪುಸ್ತಕಗಳನ್ನು ಬದಿಗಿಟ್ಟ ರಾಮಾನುಜನ್ 1914ರ ಮಾರ್ಚ್ 17ರಂದು ಅದೇ ಬಂದರಿನಿಂದ ‘ನೆವಾಸಾ’ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟರು.